ಪವರ್ ಬ್ಯಾಂಕ್ ಪಾರ್ಸೆಲ್ ಬೇಡ, ಕೈಚೀಲದಲ್ಲೇ ಹೋಗಲಿ

ಪ್ರಶ್ನೆ: ದುಬೈಯಲ್ಲಿರುವ ಮಗ ತನ್ನ 20,000 ಎಂಎಎಚ್ ಪವರ್ ಬ್ಯಾಂಕ್ ಇಲ್ಲೇ ಮರೆತು ಹೋಗಿದ್ದಾನೆ. ಹಿರೇಕೆರೂರಿನ ಅಂಚೆ ಕಚೇರಿಯಿಂದ ಕಳಿಸಬಹುದೇ?
– ಓದುಗರೊಬ್ಬರು, ಅಬಲೂರು

ಉತ್ತರ: ಬೇಡಮ್ಮ. ಬಿಡಿ ಲಿಥಿಯಂ ಬ್ಯಾಟರಿಯನ್ನು ವಿದೇಶದ ಅಂಚೆಯಲ್ಲಿ ಕಳಿಸುವಂತಿಲ್ಲ. ಪವರ್ ಬ್ಯಾಂಕ್ ಕೂಡ ಅದೇ ಲೆಕ್ಕಕ್ಕೆ ಬರುತ್ತದೆ. ಶೇಂಗಾ ಚಟ್ನಿಯ ಡಬ್ಬಿ, ಬಟ್ಟೆಗಳ ನಡುವೆ ಸುತ್ತಿಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಒಳಗೆ ಶಾರ್ಟ್ ಆದರೆ ಬ್ಯಾಟರಿ ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ, ಪಕ್ಕದ್ದಕ್ಕೂ ಹಬ್ಬುತ್ತದೆ. 2010ರ ಸೆಪ್ಟೆಂಬರ್ 3ರಂದು ಅದೇ ದುಬೈಯಿಂದ ಹೊರಟ ಸರಕು ವಿಮಾನದಲ್ಲಿ ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಬಿದ್ದು, ಇಬ್ಬರು ಪೈಲಟ್‌ಗಳೂ ಜೀವ ಕಳೆದುಕೊಂಡರು. 2016ರ ಏಪ್ರಿಲ್ 1ರಿಂದ ಪ್ರಯಾಣಿಕರ ವಿಮಾನದಲ್ಲಿ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಸರಕಾಗಿ ಒಯ್ಯುವುದೇ ನಿಷಿದ್ಧ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ನಿಮ್ಮದು 20 ಆಂಪಿಯರ್ ಅವರ್, ಅದನ್ನು 3.7 ವೋಲ್ಟ್‌ನಿಂದ ಗುಣಿಸಿದರೆ 74 ವ್ಯಾಟ್ ಅವರ್. 100ರೊಳಗಿದ್ದರೆ ಪ್ರಯಾಣಿಕರು ಕೈಚೀಲದಲ್ಲಿ ಒಯ್ಯಬಹುದು, ಚೆಕ್-ಇನ್ ಬ್ಯಾಗಿನಲ್ಲಿ ಮಾತ್ರ ಬೇಡವೇ ಬೇಡ. ಪವರ್ ಬ್ಯಾಂಕಿನ ಮೇಲೆ ಸಾಮರ್ಥ್ಯ ಬರೆದ ಅಕ್ಷರ ಅಳಿಸಿದ್ದರೆ ತಪಾಸಣೆಯಲ್ಲಿ ತಡೆಯಬಹುದು. ಮಗ ಮುಂದಿನ ಸಲ ಊರಿಗೆ ಬಂದಾಗ ಅವನೇ ಒಯ್ಯಲಿ. ಪವರ್ ಬ್ಯಾಂಕಿನ ಹೊಟ್ಟೆ ಉಬ್ಬಿದ್ದರೆ ಮಾತ್ರ ಅವನಿಗೂ ಕೊಡಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.