ಪೈಥಾನ್ ಲಿಸ್ಟಿನಲ್ಲಿ ಮೈನಸ್ ಒಂದು

ಪೈಥಾನ್ ಲಿಸ್ಟಿನ ಮೊದಲ ಅಂಶದ ಇಂಡೆಕ್ಸ್ 0 ಎಂಬುದು ನಮಗೆಲ್ಲ ಗೊತ್ತು. ನಾಲ್ಕು ಅಂಶಗಳಿದ್ದರೆ ಕೊನೆಯದು 3. ಇಲ್ಲದ 4ನ್ನು ಕೇಳಿದರೆ ಇಂಡೆಕ್ಸ್ ಎರರ್ ಬಂದು ಪ್ರೋಗ್ರಾಂ ನಿಂತುಬಿಡುತ್ತದೆ. ಹಾಗಾದರೆ -1 ಕೇಳಿದರೆ? ಅದಕ್ಕೂ ಎರರ್ ಬರಬೇಕು ಅನ್ನಿಸುತ್ತದೆ, ಬರುವುದಿಲ್ಲ. ಪೈಥಾನ್ ಹಿಂದಿನಿಂದ ಎಣಿಸಿ ಕೊನೆಯ ಅಂಶ ಕೊಡುತ್ತದೆ. -2 ಅಂದರೆ ಕೊನೆಯಿಂದ ಎರಡನೆಯದು. ನಾಲ್ಕು ಅಂಶಗಳ ಲಿಸ್ಟಿನಲ್ಲಿ -4ರವರೆಗೂ ಹೀಗೆ ನಡೆಯುತ್ತದೆ, -5ಕ್ಕೆ ಎರರ್. (ಹಿಂದಿನಿಂದಲೂ 0ಯಿಂದಲೇ ಏಕೆ ಎಣಿಸುವುದಿಲ್ಲ ಅಂದರೆ, -0 ಎಂದರೂ 0 ತಾನೆ!)

ಇದು ಅನುಕೂಲವೇ. ಲಿಸ್ಟ್ ಎಷ್ಟೇ ಉದ್ದವಿರಲಿ, ಕೊನೆಯ ನಮೂದಿಗೆ -1 ಸಾಕು. ಆದರೆ ಲೆಕ್ಕ ಬರೆಯುವ ಕಾಮರ್ಸ್‌ನವರು ಸ್ವಲ್ಪ ಎಚ್ಚರವಾಗಿರಬೇಕು.

ಒಂದು ಅಂಗಡಿಯ ಏಪ್ರಿಲ್, ಮೇ, ಜೂನ್, ಜುಲೈ ಮಾರಾಟ ಕ್ರಮವಾಗಿ 40, 55, 50, 70 ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಹಿಂದಿನ ತಿಂಗಳಿಗಿಂತ ಎಷ್ಟು ಹೆಚ್ಚಾಯಿತು ಎಂದು ನೋಡಲು ಒಂದು ಲೂಪ್ ಬರೆಯುತ್ತೇವೆ: ಇಂಡೆಕ್ಸ್ 'ಐ'ನಲ್ಲಿರುವ ಮೊತ್ತದಿಂದ 'ಐ ಮೈನಸ್ 1'ರಲ್ಲಿರುವ ಮೊತ್ತ ಕಳೆಯಬೇಕು, ಐ 0ಯಿಂದ 3ರವರೆಗೆ. ಮೇ ತಿಂಗಳಿಗೆ 15, ಜೂನ್‌ಗೆ -5, ಜುಲೈಗೆ 20. ಎಲ್ಲ ಸರಿ. ಏಪ್ರಿಲ್‌ಗೆ ಮಾತ್ರ ಐ ಬೆಲೆ 0, ಐ ಮೈನಸ್ 1 ಅಂದರೆ -1, ಅಲ್ಲಿರುವುದು ಜುಲೈನ 70! ಪ್ರೋಗ್ರಾಂ 40ರಲ್ಲಿ 70 ಕಳೆದು -30 ಎಂದು ತೋರಿಸುತ್ತದೆ. ಏಪ್ರಿಲ್‌ನಲ್ಲಿ ಮಾರಾಟ ಕುಸಿಯಿತು ಎಂದು ಮಾಲೀಕರು ನಂಬಿದರೆ ಅವರ ತಪ್ಪಲ್ಲ.

ಇನ್ನೊಂದು ವಿಚಿತ್ರವಿದೆ. -30, 15, -5, 20 ಕೂಡಿ ನೋಡಿ, 0 ಬರುತ್ತದೆ. ಯಾವ ಅಂಕಿಗಳನ್ನು ಹಾಕಿದರೂ 0 ಬಂದೇ ಬರುತ್ತದೆ, ಏಕೆಂದರೆ ಪ್ರತಿ ತಿಂಗಳ ಮೊತ್ತವೂ ಒಮ್ಮೆ ಕೂಡಿ ಒಮ್ಮೆ ಕಳೆದುಹೋಗುತ್ತದೆ. ತಾಳೆಯಾಯಿತು ಎಂದು ಖುಷಿಪಡುವಂತಿಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ಒಳಗೆ ತಪ್ಪು ಉಳಿದಿರಬಹುದು ಎಂದು ಅಕೌಂಟೆನ್ಸಿಯಲ್ಲಿ ಓದಿದ್ದೇವಲ್ಲ, ಅದೇ ಕಥೆ. ನಾಲ್ಕು ತಿಂಗಳಲ್ಲಿ ಮಾರಾಟ ನಿಜವಾಗಿ ಏರಿದ್ದು 30 ಸಾವಿರ.

ಲೂಪನ್ನು 1ರಿಂದ ಆರಂಭಿಸಿದರೆ ತೊಂದರೆ ಇಲ್ಲ. ಏಪ್ರಿಲ್‌ಗೂ ಉತ್ತರ ಬೇಕೆಂದರೆ ಮಾರ್ಚ್ ಅಂಕಿಯನ್ನು ಲಿಸ್ಟಿನ ಆರಂಭದಲ್ಲಿ ಸೇರಿಸಬೇಕು, ಓಪನಿಂಗ್ ಬ್ಯಾಲೆನ್ಸ್ ಬರೆದ ಹಾಗೆ.

ಸ್ಲೈಸ್ ಕೂಡ ಹೀಗೇ ಬಾಯಿಬಿಡುವುದಿಲ್ಲ. ಇದೇ ಲಿಸ್ಟಿನಲ್ಲಿ ಮೂರು ತಿಂಗಳು ಬೇಕೆಂದು 2ರಿಂದ 5 ಎಂದು ಕೇಳಿದರೆ ಎರರ್ ಇಲ್ಲ, 50 ಮತ್ತು 70 ಎರಡನ್ನೇ ಕೊಡುತ್ತದೆ. ಅದನ್ನು 3ರಿಂದ ಭಾಗಿಸಿದರೆ ಸರಾಸರಿ 40. 'ಲೆನ್' ಬಳಸಿ, ಸಿಕ್ಕ ಅಂಶಗಳ ಸಂಖ್ಯೆಯಿಂದ ಭಾಗಿಸಿದರೆ 60.