ಮೊದಲು ಕಣ್ಣು ಎಲ್ಲಿಗೆ ಹೋಯಿತು?

ಪ್ರಶ್ನೆ: ನನಗೆ 46 ವರ್ಷ, ಬ್ಯಾಂಕ್ ಉದ್ಯೋಗಿ. ಎರಡು ವರ್ಷದ ಹಿಂದೆ ಕ್ಯಾಮೆರಾ ಕೊಂಡೆ. ಭಾನುವಾರ ಬೆಳಿಗ್ಗೆ ದೇವರಾಜ ಮಾರುಕಟ್ಟೆ, ರಜೆ ಸಿಕ್ಕರೆ ಚಿಕ್ಕಮಗಳೂರಿನ ಬೆಟ್ಟಗಳು. ಮನೆಯವರು ಯಾವ ಫೋಟೊ ತೋರಿಸಿದರೂ ‘ಸೂಪರ್’ ಅನ್ನುತ್ತಾರೆ. ಈಚೆಗೆ ಛಾಯಾಗ್ರಾಹಕರ ಕೂಟವೊಂದರಲ್ಲಿ ಹಿರಿಯರೊಬ್ಬರು, ‘ಎಲ್ಲಾ ತುಂಬಿಸಿಬಿಟ್ಟಿದ್ದೀರಲ್ಲ! ಇಂಥದ್ದನ್ನ ಯಾರು ಬೇಕಾದ್ರೂ ತೆಗೀತಾರೆ’ ಅಂದರು. ಎಲ್ಲರೂ ನಕ್ಕರು. ಅಂದಿನಿಂದ ಕ್ಯಾಮೆರಾ ಬೀರುವಿನಲ್ಲಿದೆ. ಮಾರಿಬಿಡಲೇ?
— ಹೆಸರು ಬೇಡ, ಮೈಸೂರು

ಉತ್ತರ: ನಿಮಗಾದ ನೋವು ಸಣ್ಣದಲ್ಲ. ಆ ಮಾತಿಗಿಂತ ಹೆಚ್ಚಾಗಿ ನಿಮ್ಮನ್ನು ಚುಚ್ಚಿದ್ದು ಸುತ್ತಲಿನವರ ನಗು ಎಂದು ನಿಮ್ಮ ಪತ್ರ ಓದಿದಾಗ ಅನ್ನಿಸಿತು. ಈ ವಯಸ್ಸಿನಲ್ಲಿ ಹೊಸದೊಂದನ್ನು ಕಲಿಯಲು ಹೊರಟು, ಕಲಿತದ್ದನ್ನು ನಾಲ್ಕು ಜನರ ಮುಂದಿಡುವುದಕ್ಕೆ ಧೈರ್ಯ ಬೇಕು. ಹಾಗಾಗಿ ‘ಇಷ್ಟಕ್ಕೆಲ್ಲ ಬೇಜಾರಾಗಬೇಕೇ’ ಎಂದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಈಗ ಆ ಹಿರಿಯರ ಮಾತನ್ನು ಮೊರಕ್ಕೆ ಹಾಕಿ ಕೇರೋಣ. ‘ಯಾರು ಬೇಕಾದ್ರೂ ತೆಗೀತಾರೆ’ ಎನ್ನುವುದು ನಿಮ್ಮ ಬಗ್ಗೆ ಆಡಿದ್ದು, ಅದು ತೂರಿ ಹೋಗಲಿ. ‘ಎಲ್ಲಾ ತುಂಬಿಸಿದ್ದೀರಿ’ ಎನ್ನುವುದು ಮಾತ್ರ ಚಿತ್ರದ ಬಗ್ಗೆ. ಹೂವಿನ ದಿಂಡು, ಕುಂಕುಮದ ರಾಶಿ, ಬಾಳೆಗೊನೆ, ಜನ, ತಕ್ಕಡಿ ಎಲ್ಲವೂ ಒಟ್ಟಿಗೆ ಕರೆಯುವ ಜಾಗ ನಿಮ್ಮ ಮಾರುಕಟ್ಟೆ. ಒಂದೇ ಫ್ರೇಮಿನಲ್ಲಿ ಎಲ್ಲವೂ ಸೇರಿದರೆ ನೋಡುವವರ ಕಣ್ಣು ನಿಲ್ಲಲು ನೆಲೆಯಿಲ್ಲದೆ ಅಲೆಯುತ್ತದೆ. ‘ಎರಡು ಹೆಜ್ಜೆ ಮುಂದೆ ಹೋಗಿ, ಹೂ ಕಟ್ಟುವ ಬೆರಳಷ್ಟನ್ನೇ ಹಿಡಿದು ನೋಡಿ’ ಎಂದು ಹೇಳಿದ್ದರೆ ನೀವು ಮರುವಾರವೇ ಅಲ್ಲಿರುತ್ತಿದ್ದಿರಿ. ಬೈಸಿಕೊಂಡೇ ಕಲಿತವರಿಗೆ ಕಲಿಸುವ ಬೇರೆ ದಾರಿ ಗೊತ್ತಿರುವುದಿಲ್ಲ. ಅವರಿಗೆ ಕೆಟ್ಟ ಉದ್ದೇಶವಿತ್ತು ಎಂದು ನನಗನ್ನಿಸುವುದಿಲ್ಲ.

ಮನೆಯವರ ‘ಸೂಪರ್’ ಕೂಡ ನಿಮ್ಮ ಬಗ್ಗೆಯೇ ಹೇಳಿದ್ದು. ಅದರಲ್ಲಿ ಪ್ರೀತಿಯಿದೆ, ಇಟ್ಟುಕೊಳ್ಳಿ. ಆದರೆ ಎರಡು ವರ್ಷದಲ್ಲಿ ಯಾರೊಬ್ಬರೂ ನಿಮ್ಮೊಂದಿಗೆ ಚಿತ್ರದ ಬಗ್ಗೆ ಕೂತು ಮಾತಾಡಿಲ್ಲ. ಕೊರತೆ ಇರುವುದು ಅಲ್ಲಿ, ನಿಮ್ಮ ಕೈಯಲ್ಲಲ್ಲ.

ಅಂಥ ಮಾತನ್ನು ನೀವೇ ಕೇಳಿ ಪಡೆಯಬಹುದು. ಎರಡೇ ಚಿತ್ರ ಆರಿಸಿ. ಆ ಕ್ಷಣ ನಿಮ್ಮನ್ನು ನಿಲ್ಲಿಸಿದ್ದೇನು ಎಂದು ಒಂದು ಸಾಲು ಬರೆದಿಟ್ಟುಕೊಳ್ಳಿ, ಅದನ್ನು ತೋರಿಸಬೇಡಿ. ನಂಬಿಕೆಯವರೊಬ್ಬರ ಮುಂದೆ ಚಿತ್ರವಿಟ್ಟು, ‘ಹೇಗಿದೆ?’ ಎನ್ನುವ ಬದಲು ‘ಮೊದಲು ಕಣ್ಣು ಎಲ್ಲಿಗೆ ಹೋಯಿತು? ಏನು ಅಡ್ಡ ಬಂತು?’ ಎಂದು ಕೇಳಿ. ನೀವು ಬೆರಳಿಗಾಗಿ ನಿಂತಿದ್ದು, ಅವರ ಕಣ್ಣು ಮೂಲೆಯ ನೀಲಿ ಪ್ಲಾಸ್ಟಿಕ್ ಚೀಲಕ್ಕೆ ಹೋಗಿದ್ದರೆ ಮುಂದಿನ ಸಲ ಕ್ಲಿಕ್ಕಿಸುವ ಮುನ್ನ ಫ್ರೇಮಿನ ನಾಲ್ಕೂ ಅಂಚು ನೋಡುತ್ತೀರಿ. ಬೆಟ್ಟದ ಚಿತ್ರ ‘ಖಾಲಿ ಖಾಲಿ’ ಅಂದರೆ ಹತ್ತಿರದ ಬಂಡೆಯನ್ನೋ ಹುಲ್ಲನ್ನೋ ಮುಂದೆ ಸೇರಿಸಿಕೊಳ್ಳಿ, ಓರೆ ಬಿಸಿಲಿಗೆ ಕಾಯಿರಿ. ನಡುಮಧ್ಯಾಹ್ನ ನೆರಳು ಕುಗ್ಗಿ ಬೆಟ್ಟದ ಮಡಿಕೆಗಳು ಚಪ್ಪಟೆಯಾಗಿ ಕಾಣುತ್ತವೆ. ಅವರು ಹೇಳುವಾಗ ಸಮರ್ಥಿಸಿಕೊಳ್ಳಬೇಡಿ, ಬರೆದುಕೊಳ್ಳಿ. ಒಪ್ಪುವುದೋ ಬಿಡುವುದೋ, ಎರಡು ದಿನ ಕಳೆದು ತೀರ್ಮಾನಿಸಿ.

ಮಾರುಕಟ್ಟೆಯಲ್ಲಿ ಹೂ ಕಟ್ಟುವವರ ಚಿತ್ರ ತೆಗೆದರೆ ಅವರಿಗೂ ಒಂದು ಪ್ರಿಂಟ್ ಕೊಟ್ಟು ಅದೇ ಪ್ರಶ್ನೆ ಕೇಳಿ. ತಾವು ಕುಳಿತ ಜಾಗವನ್ನು ಅವರಷ್ಟು ಬಲ್ಲವರು ಯಾವ ಕೂಟದಲ್ಲೂ ಸಿಗುವುದಿಲ್ಲ.

ಒಪ್ಪದ ಚಿತ್ರಗಳ ರಾಶಿ ಕಂಡು ಕುಗ್ಗಬೇಡಿ. ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ 1955-56ರಲ್ಲಿ ಅಮೆರಿಕ ಸುತ್ತಿ ತೆಗೆದ ಸುಮಾರು 27,000 ಫ್ರೇಮುಗಳಲ್ಲಿ ‘ದಿ ಅಮೆರಿಕನ್ಸ್’ ಪುಸ್ತಕಕ್ಕೆ ಉಳಿದದ್ದು 83. ಬೀದಿ ಛಾಯಾಗ್ರಹಣ ಮಾಡುವವರು ಇಂದಿಗೂ ತೆರೆದು ನೋಡುವ ಪುಸ್ತಕ ಅದು.

ನಕ್ಕ ಕೂಟಕ್ಕೇ ಮರಳಬೇಕೆಂದಿಲ್ಲ. ಬೆಂಗಳೂರಿನಲ್ಲಿ 1971ರಿಂದ ಇರುವ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಸಂಘಗಳಿವೆ. ಮೊದಲ ದಿನ ಸುಮ್ಮನೆ ಕುಳಿತು, ಹೊಸಬರೊಂದಿಗೆ ಅಲ್ಲಿನವರು ಹೇಗೆ ಮಾತಾಡುತ್ತಾರೆ ಎಂದು ಗಮನಿಸಿ, ಆಮೇಲೆ ಸೇರಿ.

ಕ್ಯಾಮೆರಾ ಮಾರುವ ವಿಚಾರ ಸದ್ಯಕ್ಕೆ ಬೇಡ. ನೊಂದ ಹೊತ್ತಿನಲ್ಲಿ ಅಂಥ ನಿರ್ಧಾರ ಒಳ್ಳೆಯದಲ್ಲ. ಒಂದು ವೇಳೆ ಈ ಬೇಸರ ಫೋಟೊ ದಾಟಿ ನಿದ್ದೆ, ಊಟ, ಕೆಲಸಕ್ಕೂ ಹಬ್ಬಿ ಎರಡು ವಾರ ಕಳೆದರೂ ಇಳಿಯದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.