ದುರಸ್ತಿಯ ಕೈಪಿಡಿ

ವಾಹನವನ್ನು ನಡೆಸಬಲ್ಲವರು ಇಂದು ಹಳ್ಳಿಹಳ್ಳಿಗಳಲ್ಲಿದ್ದಾರೆ; ವಾಹನವನ್ನು ಅರಿತವರು ವಿರಳ. ತುಂಗಭದ್ರೆಯ ದಡದಲ್ಲಿರುವ ಚೀಕಲಪರ್ವಿಯಂಥ ಊರಿನಲ್ಲಿ ಈ ಅಂತರದ ಬೆಲೆ ಬೇಗನೆ ತಿಳಿದುಬರುತ್ತದೆ. ಗದ್ದೆಗೆ ನೀರು ಬಂದ ಹೊತ್ತಿನಲ್ಲಿ ಟ್ರ್ಯಾಕ್ಟರು ಕೆಟ್ಟು ನಿಂತರೆ ನಾಟಿಯ ದಿನಗಳು ಕಾಯುವುದಿಲ್ಲ. ರೋಗಿಯನ್ನು ರಾಯಚೂರಿಗೆ ಒಯ್ಯುವ ಅಪರಾತ್ರಿಯಲ್ಲಿ ಕಾರು ನಿಂತರೆ ಗ್ಯಾರೇಜಿನ ಬಾಗಿಲು ತೆರೆದಿರುವುದಿಲ್ಲ. ಇಂಥ ಸಮಯದಲ್ಲಿ ನೆರವಾಗುವ ಪುಸ್ತಕವೇ ದುರಸ್ತಿಯ ಕೈಪಿಡಿ.

ವಾಹನದೊಡನೆ ಬರುವ ಕಿರುಪುಸ್ತಿಕೆ ಬೇರೆ. ಅದನ್ನು ಬಿಚ್ಚಿ ಜೋಡಿಸುವ ಕ್ರಮವನ್ನು ತಿಳಿಸುವ ಕೈಪಿಡಿ ಬೇರೆ. ಬ್ರಿಟನ್ನಿನ ವಾಯುಪಡೆಯಲ್ಲಿದ್ದ ಜಾನ್ ಹೇನ್ಸ್ 1965ರಲ್ಲಿ ಏಡನ್ನಿನಲ್ಲಿ ಗೆಳೆಯನೊಬ್ಬನ ಹಳೆಯ ಕಾರನ್ನು ಸರಿಪಡಿಸಲು ತೊಡಗಿದನು. ತಯಾರಕರ ಕೈಪಿಡಿಯು ಸಾಮಾನ್ಯನಿಗೆ ಉಪಯುಕ್ತವಲ್ಲವೆಂದು ಕಂಡು, ತಾನು ಬಿಚ್ಚಿ ಜೋಡಿಸಿದ ಪ್ರತಿಯೊಂದು ಹಂತದ ಛಾಯಾಚಿತ್ರ ತೆಗೆದನು. ಅವನ ಮೊದಲ ದುರಸ್ತಿ ಕೈಪಿಡಿ 1966ರಲ್ಲಿ ಪ್ರಕಟವಾಯಿತು. ಮಾಡಿ ನೋಡಿ ಬರೆದುದರಿಂದಲೇ ಅದು ಜನರಿಗೆ ಪ್ರಿಯವಾಯಿತು.

ಕೈಪಿಡಿಯು ಕಲಿಸುವ ಮೊದಲನೆಯ ಪಾಠ ಕ್ರಮ. ಗಾಲಿಯನ್ನು ಬದಲಿಸುವಾಗ ನಟ್ಟುಗಳನ್ನು ಮೊದಲು ತುಸು ಸಡಿಲಿಸಿ, ಅನಂತರ ಜಾಕ್ ಏರಿಸಬೇಕು. ಬ್ಯಾಟರಿಯನ್ನು ಬಿಚ್ಚುವಾಗ ವಾಹನದ ಒಡಲಿಗೆ ಸೇರಿದ ತಂತಿಯನ್ನು ಮೊದಲು ತೆಗೆದು, ಜೋಡಿಸುವಾಗ ಅದನ್ನೇ ಕೊನೆಗೆ ಕೂಡಿಸಬೇಕು. ಇಲ್ಲವಾದರೆ ಪಾನಾ ತಗಲಿ ಕಿಡಿ ಹಾರುವ ಭಯವುಂಟು.

ಎರಡನೆಯದು ಕಾರಣ. ಡೀಸೆಲ್ ಪೂರ್ತಿ ತೀರಿದ ಟ್ರ್ಯಾಕ್ಟರು ಮತ್ತೆ ಡೀಸೆಲ್ ತುಂಬಿದರೂ ಚಾಲೂ ಆಗದಿರುವುದುಂಟು. ಅರಿಯದವನು ಬ್ಯಾಟರಿ ಸೋಲುವವರೆಗೆ ಸ್ಟಾರ್ಟರನ್ನು ತಿರುಗಿಸುತ್ತಾನೆ. ನಳಿಕೆಯಲ್ಲಿ ಗಾಳಿ ಸೇರಿದೆಯೆಂದು ಓದಿ ಬಲ್ಲವನು ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ ಗಾಳಿಯನ್ನು ಹೊರಹಾಕುತ್ತಾನೆ. ಗುಳ್ಳೆಯಿಲ್ಲದ ಡೀಸೆಲ್ ಹರಿದೊಡನೆ ತಿರುಪನ್ನು ಬಿಗಿಯುತ್ತಾನೆ. ಕೆಲಸ ಕೆಲವೇ ನಿಮಿಷಗಳದು.

ಮೂರನೆಯದು ಮಿತಿ. ಬ್ರೇಕು, ಡೀಸೆಲ್ ಪಂಪು ಮೊದಲಾದವುಗಳಿಗೆ ವಿಶೇಷ ಉಪಕರಣಗಳೂ ನುರಿತ ಕೈಯೂ ಬೇಕು. ಅವುಗಳಲ್ಲಿ ಅರೆತಿಳಿವಳಿಕೆ ಪ್ರಾಣಾಪಾಯಕ್ಕೆ ದಾರಿ. ತನ್ನಿಂದಾಗದ್ದನ್ನು ಮೆಕ್ಯಾನಿಕನಿಗೆ ಒಪ್ಪಿಸುವುದೂ ವಿವೇಕವೇ. ಒಂದು ಮಾದರಿಯ ಕೈಪಿಡಿ ಇನ್ನೊಂದಕ್ಕೆ ಸಲ್ಲದೆಂಬುದನ್ನೂ ನೆನಪಿಡಬೇಕು.

ಆದರೆ ಎಷ್ಟೋ ಮನೆಗಳಲ್ಲಿ ಈ ಪುಸ್ತಕ ಪಾನಾ ಪೆಟ್ಟಿಗೆಯ ತಳದಲ್ಲಿ ಎಣ್ಣೆ ಹೀರಿಕೊಂಡು ಬಿದ್ದಿರುತ್ತದೆ. ಅದರ ಇಂಗ್ಲಿಷು ತಂದೆಗೆ ತಿಳಿಯದು. ಯಂತ್ರದ ಸದ್ದು ಮಗನಿಗೆ ತಿಳಿಯದು. ಎಂಜಿನ್ನಿನ ಸದ್ದಿನಲ್ಲಿಯೇ ಅದರ ರೋಗವನ್ನು ಗುರುತಿಸುವ ಹಿರಿಯರ ಅನುಭವ ಯಾವ ಪುಸ್ತಕದಲ್ಲಿಯೂ ಇಲ್ಲ. ಶಾಲೆಯಲ್ಲಿ ಓದು ಕಲಿತ ಬಾಲಕನು ಸಂಜೆಯ ಹೊತ್ತು ತಂದೆಯ ಪಕ್ಕದಲ್ಲಿ ಕುಳಿತು ಒಂದೊಂದು ಪುಟವನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ. ಆಗ ತಂದೆಯ ಕೈಗೆ ಕಣ್ಣು ಬಂದೀತು, ಮಗನ ಓದಿಗೆ ಕೈ ಬಂದೀತು.